ಡಿಸ್ಕ್ ತುಂಬಿ ಆಫೀಸ್ ಮೇಲ್ ಸರ್ವರ್ ನಿಂತ್ರೆ: ಪೋಸ್ಟ್‌ಫಿಕ್ಸ್, ಡವ್‌ಕಾಟ್ ನಡೆಸೋರಿಗೆ ಹಂತ ಹಂತವಾಗಿ ಪೂರ್ತಿ ಮಾರ್ಗದರ್ಶಿ

ಮೊದ್ಲೇ ಒಂದು ಹೇಳ್ಬಿಡ್ತೀನಿ, ಡಿಸ್ಕ್ ತುಂಬ್ತು ಅಂದ ಮಾತ್ರಕ್ಕೆ ಮೇಲ್ ಕಳೆದೋಗಲ್ಲ. ಹೆಚ್ಚಿನ ಕಡೆ ಮೇಲ್ ಕಳೆದುಹೋಗೋದು ಆಮೇಲೆ, ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನ ಡಿಲೀಟ್ ಮಾಡ್ದಾಗ. ಹಾಗಾಗಿ ಇಲ್ಲಿ ಏನ್ ಮಾಡ್ಬೇಕು ಅನ್ನೋದಕ್ಕಿಂತ ಯಾವುದಾದ್ಮೇಲೆ ಯಾವುದು ಅನ್ನೋದಕ್ಕೇ ಜಾಸ್ತಿ ಒತ್ತು ಕೊಟ್ಟಿದೀನಿ, ದಯವಿಟ್ಟು ಮಧ್ಯದಿಂದ ಶುರು ಮಾಡ್ಬೇಡಿ.

ಉಬುಂಟು ಅಥವಾ ಡೆಬಿಯನ್ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ತಗೊಳ್ಳೋದು, ಕಳ್ಸೋದು), ಡವ್‌ಕಾಟ್ (ಮೇಲ್‌ಬಾಕ್ಸ್ ನೋಡ್ಕೊಳ್ಳೋದು), ಮೇಲ್ ಎಲ್ಲಾ ಮೇಲ್‌ಡಿರ್ ಫಾರ್ಮ್ಯಾಟ್‌ನಲ್ಲಿ, ಪಕ್ಕದಲ್ಲಿ ಮಾರಿಯಾಡಿಬಿ ಡೇಟಾಬೇಸ್, ವೈರಸ್ ಹಿಡಿಯೋ ಕ್ಲಾಮ್‌ಎವಿ, ಸ್ಪ್ಯಾಮ್ ಸೋಸೋ ಆರ್‌ಸ್ಪ್ಯಾಮ್‌ಡಿ ಥರದ್ದೇನಾದ್ರೂ ಒಂದು, ಇಂಥ ಸೆಟಪ್ ಇರೋ ಸಣ್ಣ ಮಧ್ಯಮ ಆಫೀಸುಗಳನ್ನ ಮನಸ್ಸಲ್ಲಿಟ್ಟು ಬರೀತಿದೀನಿ. ಕಮಾಂಡುಗಳನ್ನ ಓದೋಕೆ ಸುಲಭ ಆಗ್ಲಿ ಅಂತ ಕನ್ನಡದಲ್ಲೇ ಬರ್ದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು, ದೊಡ್ಡಕ್ಷರ ಸಣ್ಣಕ್ಷರ ಎಲ್ಲಿ ಮುಖ್ಯ ಆಗತ್ತೋ ಅಲ್ಲಿ ಹೇಳ್ತೀನಿ.

ಒಳಗಡೆ ಏನಾಗಿರತ್ತೆ

ಕ್ಯೂ (ಮೇಲ್ ಮುಂದಕ್ಕೆ ಹೋಗೋವರೆಗೆ ಕಾಯೋ ಸಾಲು) ಇರೋ ಪಾರ್ಟಿಷನ್‌ನಲ್ಲಿ ಖಾಲಿ ಜಾಗ ಮೆಸೇಜ್ ಸೈಜ್ ಲಿಮಿಟ್‌ನ ಒಂದೂವರೆ ಪಟ್ಟಿಗಿಂತ ಕಮ್ಮಿ ಆದ ತಕ್ಷಣ ಪೋಸ್ಟ್‌ಫಿಕ್ಸ್ ಹೊಸ ಮೇಲ್ ತಗೊಳ್ಳೋದು ನಿಲ್ಲಿಸತ್ತೆ. ಡೀಫಾಲ್ಟ್ ಲಿಮಿಟ್ 10240000 ಬೈಟ್, ಅಂದ್ರೆ ಸುಮಾರು 15 ಎಂಬಿ ಉಳಿದಾಗ ಬಾಗಿಲು ಮುಚ್ಚತ್ತೆ. ನೀವು ಲಿಮಿಟ್‌ನ 25 ಎಂಬಿಗೆ ಏರಿಸಿದ್ರೆ 37 ಎಂಬಿ ಆಸುಪಾಸಲ್ಲೇ ನಿಲ್ಲತ್ತೆ. ಆಗ ಹೊರಗಿನ ಸರ್ವರ್‌ಗೆ ಹೋಗೋ ಉತ್ತರ 452 4.3.1, ಸ್ಟೋರೇಜ್ ಸಾಕಾಗ್ತಿಲ್ಲ ಅಂತ. ನಿಮ್ಮ ಲಾಗ್‌ನಲ್ಲೂ ಮೇಲ್ ಕ್ಯೂನಲ್ಲಿ ಜಾಗ ಇಲ್ಲ ಅನ್ನೋ ವಾರ್ನಿಂಗ್ ಬಿದ್ದಿರತ್ತೆ, ಲಾಗ್ ಬರ್ಯೋಕೆ ಜಾಗ ಉಳಿದಿದ್ರೆ.

4ರಿಂದ ಶುರುವಾಗೋ ಕೋಡ್ ಅಂದ್ರೆ "ಆಮೇಲೆ ಬಾ" ಅಂತ ಅರ್ಥ, 5ರಿಂದ ಶುರುವಾದ್ರೆ "ಬರ್ಲೇಬೇಡ" ಅಂತ. 452 ಸಿಕ್ಕಿದ ಸರ್ವರ್ ಮೇಲನ್ನ ತನ್ನ ಕ್ಯೂನಲ್ಲೇ ಇಟ್ಕೊಂಡು ಮತ್ತೆ ಮತ್ತೆ ಟ್ರೈ ಮಾಡತ್ತೆ. ಎಸ್‌ಎಂಟಿಪಿ ಸ್ಟ್ಯಾಂಡರ್ಡ್ ಆರ್‌ಎಫ್‌ಸಿ 5321 ಪ್ರಕಾರ ಸಾಮಾನ್ಯವಾಗಿ ಕನಿಷ್ಠ 4ರಿಂದ 5 ದಿನ ಟ್ರೈ ಮಾಡ್ಬೇಕು, ಪೋಸ್ಟ್‌ಫಿಕ್ಸ್‌ನ ಡೀಫಾಲ್ಟ್ ಕೂಡ 5 ದಿನ. ಆಗ್ಲೇ ಒಳಗೆ ಬಂದಿರೋ ಮೇಲ್‌ಗೂ ಭಯ ಇಲ್ಲ, ಯಾಕಂದ್ರೆ ಪೋಸ್ಟ್‌ಫಿಕ್ಸ್ ಮೇಲನ್ನ ಡಿಸ್ಕಿಗೆ ಪೂರ್ತಿ ಬರ್ದಾದ್ಮೇಲೇ ಆ ಕಡೆಗೆ 250 ಓಕೆ ಅನ್ನೋದು. ಅಂದ್ರೆ ನಿಮ್ಮ ಕೈಲಿ ಸಮಯ ಇದೆ. ಮ್ಯಾನೇಜರ್ ಪಕ್ಕದಲ್ಲೇ ನಿಂತು ಇನ್ನೆಷ್ಟೊತ್ತು ಅಂತ ಕೇಳ್ತಿದ್ರೂ ಸಮಯ ಇದೆ, ಇದನ್ನ ಅವ್ರಿಗೂ ಹೇಳಿ.

ಒಂದೇ ಒಂದು ಕಡೆ ಮಾತ್ರ ನಿಜವಾದ ಅಪಾಯ ಇದೆ. ಪೋಸ್ಟ್‌ಫಿಕ್ಸ್ ಕ್ಯೂನಿಂದ ಎಲ್‌ಎಂಟಿಪಿ (ಮೇಲ್‌ಬಾಕ್ಸ್‌ಗೆ ಮೇಲ್ ತಲುಪಿಸೋ ಪ್ರೋಟೊಕಾಲ್) ಮೂಲಕ ಡವ್‌ಕಾಟ್‌ಗೆ ಮೇಲ್ ಕೊಡೋವಾಗ, ಡಿಸ್ಕಲ್ಲಿ ಜಾಗ ಇಲ್ಲದಿರೋದನ್ನೂ ಡವ್‌ಕಾಟ್ ಯೂಸರ್ ಕೋಟಾ (ಒಬ್ಬೊಬ್ರಿಗೆ ಇಟ್ಟಿರೋ ಜಾಗದ ಮಿತಿ) ಮುಗಿದ ಹಾಗೇ ನೋಡತ್ತೆ, ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಕೋಟಾ ಮುಗಿದಿದ್ರೆ 552 5.2.2 ಅಂತ ಬೌನ್ಸ್ ಮಾಡತ್ತೆ. ಮೇಲ್‌ಬಾಕ್ಸ್ ಪಾರ್ಟಿಷನ್ ಬೇರೆ, ಕ್ಯೂ ಪಾರ್ಟಿಷನ್ ಬೇರೆ ಇರೋ ಕಡೆ ಇದು ಹೆಚ್ಚು ಕಾಡತ್ತೆ, ಕ್ಯೂನಲ್ಲಿ ಜಾಗ ಇರೋದ್ರಿಂದ ಮೇಲ್ ಒಳಗೆ ಬರ್ತಾನೇ ಇರತ್ತೆ, ಬಂದಿದ್ದು ಬೌನ್ಸ್ ಆಗಿ ವಾಪಸ್ ಹೋಗತ್ತೆ. ಇದನ್ನ ಹಂತ 4ರಲ್ಲಿ ತಡೀತೀವಿ.

ಹಂತ 1: ಕೈ ಕಟ್ಕೊಂಡಿರ್ಬೇಕಾದ ವಿಷಯಗಳು

/ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಒಳಗೆ ಫೈಲ್ ಅಳಿಸೋ ಆರ್‌ಎಂ ಕಮಾಂಡ್ ಓಡಿಸ್ಬೇಡಿ. ಅಲ್ಲಿರೋದು ಜನರ ಮೇಲ್, ಕಸ ಅಲ್ಲ. ಡವ್‌ಕಾಟ್ ಮೇಲ್‌ಬಾಕ್ಸ್ ಒಳಗಿನ ಡವ್‌ಕಾಟ್-ಯುಐಡಿಲಿಸ್ಟ್ ಫೈಲ್ ಕೂಡ ಮುಟ್ಬೇಡಿ, ಅದು ಹೋದ್ರೆ ಎಲ್ಲಾ ಔಟ್‌ಲುಕ್, ಥಂಡರ್‌ಬರ್ಡ್, ಮೊಬೈಲ್‌ಗಳು ಹಳೇ ಮೇಲೆಲ್ಲಾ ಹೊಸದು ಅಂದ್ಕೊಂಡು ಮತ್ತೆ ಡೌನ್‌ಲೋಡ್ ಮಾಡೋಕೆ ಶುರು ಮಾಡತ್ವೆ.

ಯಾವ ಕಾನ್ಫಿಗ್ ಫೈಲನ್ನೂ ಈಗ ಎಡಿಟ್ ಮಾಡ್ಬೇಡಿ. ರೂಟ್ ಪಾರ್ಟಿಷನ್ ತುಂಬಿದಾಗ ನ್ಯಾನೋ ಎಡಿಟರ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಮೇನ್.ಸಿಎಫ್ ಓಪನ್ ಮಾಡಿ ಸೇವ್ ಒತ್ತಿದ್ರೆ ಫೈಲ್ ಸೊನ್ನೆ ಬೈಟ್ ಆಗಿ ಕೂರೋ ಸಾಧ್ಯತೆ ಇದೆ, ಆಗ ಒಂದು ಸಮಸ್ಯೆ ಎರಡಾಯ್ತು. ಸರ್ವರ್ ರೀಬೂಟ್ ಕೂಡ ಬೇಡ, ಜಾಗ ಇಲ್ದೆ ಕೆಲವು ಸರ್ವಿಸ್ ವಾಪಸ್ ಏಳೋದೇ ಇಲ್ಲ, ಜೊತೆಗೆ ಯಾವ ಪ್ರೋಸೆಸ್ ಜಾಗ ತಿಂತಿತ್ತು ಅನ್ನೋ ಸುಳಿವೂ ಹೋಗತ್ತೆ.

ಆಫೀಸಲ್ಲಿ ಎಲ್ಲರಿಗೂ ವಾಟ್ಸಾಪ್ ಗ್ರೂಪಲ್ಲಿ ಎರಡು ಮಾತು ಹಾಕಿ: ಔಟ್‌ಲುಕ್‌ನಲ್ಲಿ ಅಕೌಂಟ್ ತೆಗೆದು ಮತ್ತೆ ಸೇರಿಸ್ಬೇಡಿ, ಕಳ್ಸಿದ ಮೇಲನ್ನ ಮತ್ತೆ ಮತ್ತೆ ಕಳಿಸ್ಬೇಡಿ. ಎರಡನೇದು ಯಾಕಂದ್ರೆ, ಕೆಲವು ಸಲ ಮೇಲ್ ಹೊರಗೆ ಹೋಗಿರತ್ತೆ, ಆದ್ರೆ ಸೆಂಟ್ ಫೋಲ್ಡರ್‌ನಲ್ಲಿ ಕಾಪಿ ಇಡೋಕೆ ಜಾಗ ಇಲ್ದೆ ಎರರ್ ಬಂದಿರತ್ತೆ, ಪಾಪ ಅವ್ರು ಹೋಗಿಲ್ಲ ಅಂದ್ಕೊಂಡು ಅದೇ ಇನ್‌ವಾಯ್ಸ್‌ನ ನಾಲ್ಕು ಸಲ ಕಸ್ಟಮರ್‌ಗೆ ಕಳಿಸಿರ್ತಾರೆ.

ಹಂತ 2: ನಿಜವಾಗ್ಲೂ ಏನು ತುಂಬಿದೆ ನೋಡಿ

ಡಿಎಫ್ -ಎಚ್ ಹಾಕಿ, ಯಾವ ಪಾರ್ಟಿಷನ್ ನೂರಕ್ಕೆ ಮುಟ್ಟಿದೆ ನೋಡಿ. ಅಲ್ಲಿಗೇ ನಿಲ್ಲಿಸ್ಬೇಡಿ, ತಕ್ಷಣ ಡಿಎಫ್ -ಐ ಕೂಡ ಹಾಕಿ. ಮೇಲ್‌ಡಿರ್‌ನಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್, ಹಾಗಾಗಿ ಜಿಬಿಗಟ್ಟಲೆ ಖಾಲಿ ಇದ್ರೂ ಐನೋಡ್ (ಪ್ರತಿ ಫೈಲಿಗೂ ಫೈಲ್‌ಸಿಸ್ಟಮ್‌ನಲ್ಲಿ ಬೇಕಾಗೋ ಒಂದು ದಾಖಲೆ) ಮುಗಿದೋಗಿರ್ಬಹುದು, ಆಗ್ಲೂ ಬರೋ ಎರರ್ "ಡಿಸ್ಕಲ್ಲಿ ಜಾಗ ಇಲ್ಲ" ಅಂತಾನೇ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಡೀಫಾಲ್ಟ್ ಆಗಿ 16 ಕೆಬಿಗೆ ಒಂದು ಐನೋಡ್ ಇಡತ್ತೆ, 100 ಜಿಬಿ ಡಿಸ್ಕಿಗೆ ಸುಮಾರು 65 ಲಕ್ಷ. ಇದನ್ನ ಆಮೇಲೆ ಹಾಗೇ ಜಾಸ್ತಿ ಮಾಡೋಕಾಗಲ್ಲ, ಫೈಲ್‌ಸಿಸ್ಟಮ್ ದೊಡ್ಡದು ಮಾಡಿದ್ರೆ ಮಾತ್ರ ಅದರ ಜೊತೆ ಬೆಳೀತದೆ. ಎಕ್ಸ್‌ಎಫ್‌ಎಸ್‌ನಲ್ಲಿ ಬೇಕಾದ ಹಾಗೆ ಐನೋಡ್ ಮಾಡ್ಕೊಳತ್ತೆ, ಆ ತಲೆನೋವು ಕಮ್ಮಿ.

ಮೂರನೇದು, ಜರ್ನಲ್‌ಸಿಟಿಎಲ್ -ಕೆ ಹಾಕಿ ಕರ್ನಲ್ ಮೆಸೇಜ್ ನೋಡಿ. ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಗಿದೆ ಅಥವಾ ಡಿಸ್ಕ್ ಐ/ಓ ಎರರ್ ಇದೆ ಅಂತ ಕಂಡ್ರೆ ಈ ಮಾರ್ಗದರ್ಶಿ ಅಲ್ಲಿಗೇ ನಿಲ್ಲಿಸಿ. ಅದು ಜಾಗದ ಸಮಸ್ಯೆ ಅಲ್ಲ, ಡಿಸ್ಕೇ ಸಾಯ್ತಿದೆ ಅಥವಾ ಫೈಲ್‌ಸಿಸ್ಟಮ್ ಹಾಳಾಗಿದೆ, ಮೊದ್ಲು ಬೇರೆ ಡಿಸ್ಕಿಗೆ ಕಾಪಿ ತಗೊಂಡು ಆಮೇಲೆ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ರಿಪೇರಿ ಕಮಾಂಡ್).

ಹಂತ 3: ಉಸಿರಾಡೋಕೆ ಸ್ವಲ್ಪ ಜಾಗ

ಮೊದ್ಲು ಪೋಸ್ಟ್‌ಫಿಕ್ಸ್ ಸ್ಟಾಪ್ ಮಾಡಿ, ಸಿಸ್ಟಮ್‌ಸಿಟಿಎಲ್ ಸ್ಟಾಪ್ ಪೋಸ್ಟ್‌ಫಿಕ್ಸ್. ಹೊರಗಿನ ಸರ್ವರ್‌ಗಳಿಗೆ ಕನೆಕ್ಷನ್ ಸಿಗಲ್ಲ, ಅವು 452 ಬಂದಾಗ ಮಾಡೋ ಹಾಗೇ ಕಾಯ್ತವೆ. ಬೌನ್ಸ್ ಆಗೋ ದಾರಿನೂ ಈಗ ಬಂದ್ ಆಯ್ತು.

ಈಗ ಒಂದು ಮೇಲನ್ನೂ ಮುಟ್ದೆ ಜಾಗ ಮಾಡ್ಬೇಕು. ಆಪ್ಟ್ ಕ್ಲೀನ್ ಹಾಕಿ, ಡೌನ್‌ಲೋಡ್ ಆಗಿ ಬಿದ್ದಿರೋ ಪ್ಯಾಕೇಜ್‌ಗಳು ಹೋಗತ್ವೆ. ಜರ್ನಲ್‌ಸಿಟಿಎಲ್ ಜೊತೆ ಡಿಸ್ಕ್-ಯೂಸೇಜ್ ಆಪ್ಷನ್ ಕೊಟ್ಟು ಸಿಸ್ಟಮ್‌ಡಿ ಜರ್ನಲ್ ಎಷ್ಟು ಹಿಡ್ಕೊಂಡಿದೆ ನೋಡಿ, ಅದು ಡೀಫಾಲ್ಟ್ ಆಗಿ ಫೈಲ್‌ಸಿಸ್ಟಮ್‌ನ 10 ಪರ್ಸೆಂಟ್‌ವರೆಗೆ, ಗರಿಷ್ಠ 4 ಜಿಬಿ ತನಕ ಬೆಳೆಯತ್ತೆ. ವ್ಯಾಕ್ಯೂಮ್-ಸೈಜ್ ಆಪ್ಷನ್‌ನಲ್ಲಿ 500ಎಂ ಕೊಟ್ರೆ ಹಳೇದು ಕತ್ತರಿಸಿ ಹೋಗತ್ತೆ, ಆದ್ರೆ ಕತ್ತರಿಸೋಕೆ ಮುಂಚೆ ಹಂತ 5ರಲ್ಲಿ ಲಾಗ್ ಬಗ್ಗೆ ಏನ್ ಹೇಳಿದೀನಿ ಅಂತ ಒಂದ್ಸಲ ಓದ್ಕೊಳ್ಳಿ.

ಇಎಕ್ಸ್‌ಟಿ4 ಆಗಿದ್ರೆ ಇನ್ನೊಂದು ದಾರಿ ಇದೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೇದು ಯಾಕಂದ್ರೆ ಒಂದೇ ಒಂದು ಫೈಲೂ ಅಳಿಸ್ಬೇಕಿಲ್ಲ. ಇಎಕ್ಸ್‌ಟಿ4 ರೂಟ್ ಯೂಸರ್‌ಗೆ ಅಂತ 5 ಪರ್ಸೆಂಟ್ ಎತ್ತಿಟ್ಟಿರತ್ತೆ, 500 ಜಿಬಿ ಡಿಸ್ಕಲ್ಲಿ ಅದೇ 25 ಜಿಬಿ ಆಯ್ತು. ಟ್ಯೂನ್2ಎಫ್‌ಎಸ್ -ಎಂ 1, ಮುಂದೆ ಡಿವೈಸ್ ಹೆಸರು, ಇಷ್ಟು ಕೊಟ್ರೆ ಅದು 1 ಪರ್ಸೆಂಟಿಗೆ ಇಳಿದು ಕೂಡ್ಲೇ 20 ಜಿಬಿ ಸಿಗತ್ತೆ, ಅನ್‌ಮೌಂಟ್ ಕೂಡ ಬೇಕಿಲ್ಲ. ಸೊನ್ನೆಗೆ ಇಳಿಸ್ಬೇಡಿ, ಮುಂದೆ ಮತ್ತೆ ತುಂಬಿದಾಗ ರೂಟ್‌ಗೂ ಕೆಲಸ ಮಾಡೋಕೆ ಜಾಗ ಇರಲ್ಲ.

ಹಂತ 4: ಬೌನ್ಸ್‌ಗೆ ಬೀಗ

ಈಗ ಜಾಗ ಇದೆ, ಕಾನ್ಫಿಗ್ ಮುಟ್ಬಹುದು. ಮೊದ್ಲು ಮೇನ್.ಸಿಎಫ್ ಫೈಲ್ ಸೈಜ್ ಸೊನ್ನೆ ಆಗಿಲ್ಲ ತಾನೆ ಅಂತ ಎಲ್‌ಎಸ್ -ಎಲ್‌ನಲ್ಲಿ ನೋಡ್ಕೊಂಡು, ಪೋಸ್ಟ್‌ಕಾನ್ಫ್ -ಇ ಉಪಯೋಗಿಸಿ ಸಾಫ್ಟ್_ಬೌನ್ಸ್ ಅನ್ನೋದನ್ನ ಯೆಸ್ ಮಾಡಿ. ಇದು ಇರೋವರೆಗೆ ಪೋಸ್ಟ್‌ಫಿಕ್ಸ್ ಯಾವ ಮೇಲನ್ನೂ ಕಾಯಂ ಆಗಿ ತಿರಸ್ಕರಿಸಲ್ಲ, 5ರ ಕೋಡ್ ಬರ್ಬೇಕಾದ ಕಡೆ 4ರ ಕೋಡ್ ಕೊಡತ್ತೆ, ಬೌನ್ಸ್ ಆಗ್ಬೇಕಾದ್ದು ಕ್ಯೂನಲ್ಲೇ ಉಳಿಯತ್ತೆ. ಡವ್‌ಕಾಟ್ ಕಡೆ ಕೋಟಾ_ಫುಲ್_ಟೆಂಪ್‌ಫೇಲ್ ಯೆಸ್ ಮಾಡಿ, ಆಗ 552 ಬದಲು ತಾತ್ಕಾಲಿಕ ಎರರ್ ಹೋಗತ್ತೆ.

ಇವೆರಡೂ ರಿಪೇರಿ ಮುಗಿಯೋವರೆಗೆ ಮಾತ್ರ. ಸಾಫ್ಟ್ ಬೌನ್ಸ್ ಹಾಗೇ ಬಿಟ್ರೆ ಇಲ್ಲದ ಅಡ್ರೆಸ್‌ಗೆ ಬರೋ ಸ್ಪ್ಯಾಮ್ ಕೂಡ ಮತ್ತೆ ಮತ್ತೆ ಬಾಗಿಲು ತಟ್ತಾ ಇರತ್ತೆ.

ಹಂತ 5: ಜಾಗ ತಿಂದಿದ್ದು ಯಾರು

ಡಿಯು ಕಮಾಂಡ್‌ನ -ಎಕ್ಸ್ ಆಪ್ಷನ್ ಜೊತೆ ಓಡಿಸಿ, ಅದು ಬೇರೆ ಪಾರ್ಟಿಷನ್‌ಗೆ ಹಾರಲ್ಲ, ಮ್ಯಾಕ್ಸ್-ಡೆಪ್ತ್ 1 ಕೊಟ್ಟು ಸಾರ್ಟ್ -ಎಚ್‌ಗೆ ಪೈಪ್ ಮಾಡಿದ್ರೆ ಕೊನೇ ಸಾಲಲ್ಲಿ ಒಟ್ಟು ಲೆಕ್ಕ, ಅದರ ಹಿಂದಿನ ಸಾಲಲ್ಲಿ ದೊಡ್ಡ ಡೈರೆಕ್ಟರಿ ಬರತ್ತೆ, ಅದರೊಳಗೆ ಹೋಗಿ ಮತ್ತೆ ಅದೇ. ಎನ್‌ಸಿಡಿಯು ಇನ್‌ಸ್ಟಾಲ್ ಆಗಿದ್ರೆ ಇನ್ನೂ ಸುಲಭ.

ಡಿಎಫ್ 480 ಜಿಬಿ ಅಂತ ಹೇಳ್ತಿದೆ, ಡಿಯು ಕೂಡಿಸಿದ್ರೆ 300 ಮಾತ್ರ ಬರ್ತಿದೆ, ಇಂಥ ವ್ಯತ್ಯಾಸ ಕಂಡ್ರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಒಂದು, ಯಾರೋ ದೊಡ್ಡ ಲಾಗ್ ಫೈಲ್ ಡಿಲೀಟ್ ಮಾಡಿದಾರೆ ಆದ್ರೆ ಆ ಪ್ರೋಸೆಸ್ ಇನ್ನೂ ಅದನ್ನ ತೆರೆದಿಟ್ಕೊಂಡಿದೆ, ಹೆಸರು ಹೋದ್ರೂ ಜಾಗ ಬಿಟ್ಟಿಲ್ಲ. ಎಲ್‌ಎಸ್‌ಒಎಫ್ +ಎಲ್1 ಹಾಕಿ, ಎಲ್ ದೊಡ್ಡಕ್ಷರ, ಅಂಥ ಫೈಲೆಲ್ಲಾ ಪಟ್ಟಿ ಆಗತ್ತೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಜಾಗ ವಾಪಸ್. ಇದಕ್ಕೇ ಹೇಳೋದು, ಓಡ್ತಿರೋ ಲಾಗ್ ಫೈಲನ್ನ ಆರ್‌ಎಂ ಮಾಡೋದಲ್ಲ, ಟ್ರಂಕೇಟ್ -ಎಸ್ 0 ಮಾಡ್ಬೇಕು ಅಂತ.

ಎರಡನೇದು ಬ್ಯಾಕಪ್. ಇದನ್ನ ಗಮನ ಇಟ್ಟು ನೋಡಿ, ಯಾಕಂದ್ರೆ ಯಾರಿಗೂ ಬೇಗ ಹೊಳೆಯಲ್ಲ. ಬ್ಯಾಕಪ್ ಸ್ಕ್ರಿಪ್ಟ್ ರಾತ್ರಿ ಎನ್‌ಎಎಸ್ (ನೆಟ್‌ವರ್ಕ್‌ನಲ್ಲಿರೋ ಸ್ಟೋರೇಜ್) ಅಥವಾ ಯುಎಸ್‌ಬಿ ಡಿಸ್ಕಿಗೆ ಬರೀತಿರತ್ತೆ, ಒಂದಿನ ಆ ಡಿಸ್ಕ್ ಮೌಂಟ್ ಆಗಿರಲ್ಲ, ಆದ್ರೆ /ಎಂಎನ್‌ಟಿ/ಬ್ಯಾಕಪ್ ಅನ್ನೋ ಖಾಲಿ ಡೈರೆಕ್ಟರಿ ರೂಟ್ ಪಾರ್ಟಿಷನ್‌ನಲ್ಲಿ ಇದ್ದೇ ಇದೆಯಲ್ಲ, ಸ್ಕ್ರಿಪ್ಟ್ ಅಲ್ಲಿಗೇ ಪೂರ್ತಿ ಬ್ಯಾಕಪ್ ಸುರಿಯತ್ತೆ. ಮಾರನೇ ದಿನ ಡಿಸ್ಕ್ ಮೌಂಟ್ ಆಯ್ತು ಅಂದ್ರೆ ಆ ಫೈಲೆಲ್ಲಾ ಮೌಂಟ್‌ನ ಕೆಳಗೆ ಮುಚ್ಚೋಗತ್ತೆ, ಡಿಯುಗೂ ಕಾಣಲ್ಲ. ನೋಡ್ಬೇಕಂದ್ರೆ ಮೌಂಟ್ ಕಮಾಂಡ್‌ನ ಬೈಂಡ್ ಆಪ್ಷನ್‌ನಲ್ಲಿ ರೂಟ್ ಪಾರ್ಟಿಷನನ್ನೇ ಇನ್ನೊಂದು ಖಾಲಿ ಡೈರೆಕ್ಟರಿ ಮೇಲೆ ಮೌಂಟ್ ಮಾಡಿ ಅಲ್ಲಿಂದ ಇಣುಕಿ. ಸ್ಕ್ರಿಪ್ಟ್ ಶುರುವಲ್ಲೇ ಮೌಂಟ್‌ಪಾಯಿಂಟ್ -ಕ್ಯೂ ಚೆಕ್ ಹಾಕಿ, ಮೌಂಟ್ ಆಗಿಲ್ಲ ಅಂದ್ರೆ ಅಲ್ಲೇ ನಿಲ್ಲೋ ಹಾಗೆ ಮಾಡಿ.

ಲಾಗ್‌ಗಳು. ಮೇಲ್.ಲಾಗ್ ದೊಡ್ಡದಾಗಿದೆ ಅಂತ ಅಳಿಸ್ಬೇಡಿ, ಬೇರೆ ಮಷೀನಿಗೆ ಸಾಗಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಕಂಪನಿಗಳು ತಮ್ಮ ಸಿಸ್ಟಮ್ ಲಾಗ್‌ಗಳನ್ನ 180 ದಿನ ಇಟ್ಕೊಂಡಿರ್ಬೇಕು ಅಂತ ಇದೆ, ಸಣ್ಣ ಆಫೀಸುಗಳಲ್ಲಿ ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಅದಲ್ದೆ ಈ ಲಾಗೇ ನಾಳೆ ಯಾರ ಮೇಲ್ ಬೌನ್ಸ್ ಆಯ್ತು ಅಂತ ಹೇಳೋ ಏಕೈಕ ಸಾಕ್ಷಿ, ಹಂತ 10ರಲ್ಲಿ ಬೇಕಾಗತ್ತೆ.

ಇನ್ನು ಮೇಲ್‌ಬಾಕ್ಸ್‌ಗಳೇ ಬೆಳೆದಿದ್ರೆ ಅದಕ್ಕೆ ಲೆಕ್ಕ ಇದೆ. ಅಟ್ಯಾಚ್‌ಮೆಂಟ್ ಮೇಲಲ್ಲಿ ಹೋಗೋವಾಗ ಬೇಸ್64 ಅನ್ನೋ ಅಕ್ಷರ ರೂಪಕ್ಕೆ ಬದಲಾಗಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿನೇ ಊದಿಕೊಳತ್ತೆ. 7 ಎಂಬಿ ಸ್ಕ್ಯಾನ್ ಮಾಡಿದ ಪಿಡಿಎಫ್ ಸುಮಾರು ಒಂಬತ್ತೂವರೆ ಎಂಬಿ ಆಯ್ತು, ಆಫೀಸಲ್ಲೇ 20 ಜನಕ್ಕೆ ಸಿಸಿ ಹಾಕಿದ್ರೆ ಮೇಲ್‌ಡಿರ್‌ನಲ್ಲಿ ಸಾಮಾನ್ಯವಾಗಿ 20 ಬೇರೆ ಬೇರೆ ಕಾಪಿ, 190 ಎಂಬಿ ಒಂದೇ ಮೇಲಿಗೆ. ಯಾರಾದ್ರೂ ರಿಪ್ಲೈ ಆಲ್‌ನಲ್ಲಿ ಅಟ್ಯಾಚ್‌ಮೆಂಟ್ ಮತ್ತೆ ಸೇರಿಸಿದ್ರೆ ಇನ್ನೊಂದು 190. ಮಾರ್ಚ್ ಕೊನೆ, ಆಡಿಟ್ ಸಮಯದಲ್ಲಿ ಸರ್ವರ್ ಯಾಕೆ ತುಂಬತ್ತೆ ಅನ್ನೋದಕ್ಕೆ ಬೇರೆ ಕಾರಣ ಹುಡುಕ್ಬೇಕಿಲ್ಲ.

ಹಳೇ ಟ್ರ್ಯಾಶ್ ಮತ್ತೆ ಜಂಕ್ ಖಾಲಿ ಮಾಡೋದಾದ್ರೆ ಡವ್‌ಆಡ್ಮ್ ಎಕ್ಸ್‌ಪಂಜ್ ಉಪಯೋಗಿಸಿ, ಫೈಲ್‌ಗಳನ್ನ ನೇರ ಆರ್‌ಎಂ ಮಾಡ್ಬೇಡಿ. ಎಕ್ಸ್‌ಪಂಜ್ ಕೊಡೋಕೆ ಮುಂಚೆ ಅದೇ ಕಂಡೀಷನ್ ಇಟ್ಟು ಡವ್‌ಆಡ್ಮ್ ಸರ್ಚ್ ಓಡಿಸಿ ಎಷ್ಟು ಮೇಲ್ ಸಿಕ್ತವೆ ನೋಡಿ, ಉದಾಹರಣೆಗೆ ಮೇಲ್‌ಬಾಕ್ಸ್ ಟ್ರ್ಯಾಶ್ ಸೇವ್ಡ್‌ಬಿಫೋರ್ 30ಡಿ. ಮತ್ತೆ ಒಂದು ಮಾತು, ಪ್ರತಿ ಆಫೀಸಲ್ಲೂ ಮುಖ್ಯವಾದ ಮೇಲನ್ನ ಟ್ರ್ಯಾಶ್‌ನಲ್ಲೇ ಇಟ್ಕೊಂಡು ಬೇಕಾದಾಗ ಅಲ್ಲಿಂದ ತೆಗ್ಯೋ ಒಬ್ರಾದ್ರೂ ಇರ್ತಾರೆ, ಅವ್ರಿಗೆ ಕೇಳ್ದೆ ಮಾಡ್ಬೇಡಿ.

ಹಂತ 6: ಕ್ಯೂನೇ ತುಂಬಿದ್ರೆ, ಅದು ಸ್ಪ್ಯಾಮ್ ಆಗಿದ್ರೆ

ಪೋಸ್ಟ್‌ಕ್ಯೂ -ಪಿ ಹಾಕಿ, ಕೊನೇ ಸಾಲಲ್ಲಿ ಒಟ್ಟು ಎಷ್ಟು ಮೇಲ್ ಅಂತ ಬರತ್ತೆ. ಐವತ್ತು ಜನರ ಆಫೀಸಲ್ಲಿ ಲಕ್ಷಾಂತರ ಮೇಲ್ ಡಿಫರ್ಡ್‌ನಲ್ಲಿ (ತಲುಪದೆ ಮತ್ತೆ ಟ್ರೈ ಆಗೋಕೆ ಕಾಯ್ತಿರೋ ಕ್ಯೂ) ಕೂತಿದ್ರೆ ಯಾರದ್ದೋ ಪಾಸ್‌ವರ್ಡ್ ಕದ್ದಿದಾರೆ ಅಂತಾನೇ ತಿಳ್ಕೊಳ್ಳಿ. ಕ್ಯೂಶೇಪ್ ಡಿಫರ್ಡ್ ಅಂತ ಹಾಕಿದ್ರೆ ಯಾವ ಡೊಮೈನ್‌ಗೆ ಹೋಗೋದು ಎಷ್ಟು ಹೊತ್ತಿಂದ ಕೂತಿದೆ ಅನ್ನೋ ಟೇಬಲ್ ಬರತ್ತೆ, -ಎಸ್ ಸೇರಿಸಿದ್ರೆ ಕಳ್ಸೋರ ಡೊಮೈನ್ ಪ್ರಕಾರ. ಲಾಗ್‌ನಲ್ಲಿ ಎಸ್‌ಎಎಸ್‌ಎಲ್_ಯೂಸರ್‌ನೇಮ್ ಅಂತ ಗ್ರೆಪ್ ಮಾಡಿ ಎಣಿಸಿ, ಒಬ್ಬರ ಹೆಸರು ಮಾತ್ರ ಎಲ್ಲರಿಗಿಂತ ಸಾವಿರ ಪಟ್ಟು ಇರತ್ತೆ. ಅವ್ರ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಕ್ಯೂ ಕೆಲಸ.

ಪೋಸ್ಟ್‌ಸೂಪರ್ -ಡಿ ಆಲ್ ಅಂತ ಹಾಕೋ ಆಸೆ ಬರತ್ತೆ. ಬೇಡ. ಆ ಕಸದ ಮಧ್ಯೆ ಅಕೌಂಟ್ಸ್‌ನೋರ ಪೇಮೆಂಟ್ ಮೇಲ್, ಎಚ್‌ಆರ್ ಕಳ್ಸಿದ ಆಫರ್ ಲೆಟರ್ ಇರ್ಬಹುದು. ಆ ಕಳ್ಳ ಅಡ್ರೆಸ್‌ನಿಂದ ಹೋಗ್ತಿರೋ ಮೇಲ್‌ಗಳ ಕ್ಯೂ ಐಡಿ ಮಾತ್ರ ಫಿಲ್ಟರ್ ಮಾಡಿ, ಪೋಸ್ಟ್‌ಫಿಕ್ಸ್ 3.1 ಅಥವಾ ಆಮೇಲಿಂದ್ದಾದ್ರೆ ಪೋಸ್ಟ್‌ಕ್ಯೂ -ಜೆ ಜೇಸನ್‌ನಲ್ಲಿ ಕೊಡತ್ತೆ, ಜೆಕ್ಯೂನಲ್ಲಿ ಸೋಸೋದು ಸುಲಭ. ಆ ಐಡಿಗಳನ್ನ ಮೊದ್ಲು ಪೋಸ್ಟ್‌ಸೂಪರ್ -ಎಚ್ ಕೊಟ್ಟು ಹೋಲ್ಡ್‌ಗೆ (ಕಳಿಸ್ದೆ ತಡೆದಿಡೋ ಕ್ಯೂ) ಹಾಕಿ, ಎಚ್ ಸಣ್ಣಕ್ಷರ, ಒಂದಷ್ಟನ್ನ ಪೋಸ್ಟ್‌ಕ್ಯಾಟ್ -ಕ್ಯೂನಲ್ಲಿ ತೆರೆದು ನೋಡಿ, ಸ್ಪ್ಯಾಮೇ ಅಂತ ಖಾತ್ರಿ ಆದ್ಮೇಲೆ -ಡಿ.

ಹಂತ 7: ಕಾಯಂ ಜಾಗ

ಎಲ್‌ವಿಎಂ (ಡಿಸ್ಕ್ ಜಾಗ ಬೇಕಾದಾಗ ಹಿಗ್ಗಿಸೋಕೆ ಆಗೋ ವ್ಯವಸ್ಥೆ) ಇದ್ದು ವಾಲ್ಯೂಮ್ ಗ್ರೂಪಲ್ಲಿ ಜಾಗ ಇದ್ರೆ ಎಲ್‌ವಿಎಕ್ಸ್‌ಟೆಂಡ್ -ಆರ್ ಒಂದೇ ಸಾಕು, ಫೈಲ್‌ಸಿಸ್ಟಮನ್ನೂ ಜೊತೆಗೆ ಹಿಗ್ಗಿಸತ್ತೆ, ಸರ್ವರ್ ಓಡ್ತಿರೋವಾಗ್ಲೇ. ಇಲ್ಲಾಂದ್ರೆ ಹೊಸ ಡಿಸ್ಕ್ ಹಾಕಿ ಮೇಲ್‌ಬಾಕ್ಸ್‌ಗಳನ್ನ ಅಲ್ಲಿಗೆ ಸಾಗಿಸ್ಬೇಕು. ಸಾಗಿಸೋಕೆ ಆರ್‌ಸಿಂಕ್ -ಎಎಚ್, ಇಲ್ಲಿ ಎ ಸಣ್ಣಕ್ಷರ, ಎಚ್ ದೊಡ್ಡಕ್ಷರ. ಎ ಯಾಕೆ ಬೇಕು ಅಂದ್ರೆ ಓನರ್, ಪರ್ಮಿಷನ್ ಜೊತೆ ಫೈಲಿನ ಟೈಮೂ ಉಳಿಯತ್ತೆ, ಮೇಲ್‌ಡಿರ್‌ನಲ್ಲಿ ಮೇಲ್ ಯಾವಾಗ ಬಂತು ಅನ್ನೋದನ್ನ ಡವ್‌ಕಾಟ್ ಆ ಫೈಲ್ ಟೈಮಿಂದಾನೇ ತಿಳ್ಕೊಳ್ಳೋದು, ಬರೀ ಸಿಪಿ -ಆರ್ ಮಾಡಿದ್ರೆ ಹತ್ತು ವರ್ಷದ ಮೇಲೆಲ್ಲಾ ಇವತ್ತೇ ಬಂದ ಹಾಗೆ ಕಾಣಿಸ್ಬಹುದು. ಎಚ್ ಹಾರ್ಡ್‌ಲಿಂಕ್ (ಒಂದೇ ಫೈಲಿಗೆ ಎರಡು ಹೆಸರು) ಉಳಿಸತ್ತೆ, ಇಲ್ಲದಿದ್ರೆ ಒಂದೇ ಫೈಲ್ ಎರಡು ಸಲ ಜಾಗ ತಿನ್ನತ್ತೆ. ಮೊದಲನೇ ಸುತ್ತು ಡವ್‌ಕಾಟ್ ಓಡ್ತಿರೋವಾಗ್ಲೇ ಮಾಡಿ, ಎರಡನೇ ಸುತ್ತಿಗೆ ಡವ್‌ಕಾಟ್ ನಿಲ್ಲಿಸಿ ಉಳಿದ ವ್ಯತ್ಯಾಸ ಮಾತ್ರ ಡಿಲೀಟ್ ಆಪ್ಷನ್ ಜೊತೆ ಸಿಂಕ್ ಮಾಡಿ. ಆ ಡಿಲೀಟ್ ಆಪ್ಷನ್ ಕೊಡೋಕೆ ಮುಂಚೆ -ಎನ್ ಹಾಕಿ ಡ್ರೈ ರನ್ ಮಾಡಿ, ಅದು ಏನೂ ಬದಲಾಯಿಸ್ದೆ ಏನಾಗತ್ತೆ ಅಂತ ಮಾತ್ರ ತೋರಿಸತ್ತೆ, ಹಿಂದು ಮುಂದಾಗಿ ಡೈರೆಕ್ಟರಿ ಕೊಟ್ರೆ ಅದು ಹೊಸದರಿಂದ ಹಳೇದಕ್ಕೆ ಅಳಿಸ್ಕೊಂಡು ಹೋಗತ್ತೆ.

ಹಂತ 8: ಪಕ್ಕದ ಸರ್ವಿಸ್‌ಗಳನ್ನ ಒಂದೊಂದಾಗಿ ನೋಡಿ

ಜಾಗ ಆಯ್ತು ಅಂತ ನೇರ ಪೋಸ್ಟ್‌ಫಿಕ್ಸ್ ಸ್ಟಾರ್ಟ್ ಮಾಡೋರೇ ಜಾಸ್ತಿ, ಆದ್ರೆ ಡಿಸ್ಕ್ ತುಂಬಿದ್ದ ಹೊತ್ತಲ್ಲಿ ಅರ್ಧಂಬರ್ಧ ಬರೆದ ಫೈಲ್‌ಗಳು ಎಲ್ಲೆಲ್ಲೋ ಇರತ್ವೆ.

ಯೂಸರ್ ಪಟ್ಟಿ ಮಾರಿಯಾಡಿಬಿ ಅಥವಾ ಮೈಎಸ್‌ಕ್ಯುಎಲ್‌ನಲ್ಲಿದ್ರೆ ಮೊದ್ಲು ಅದು. ಜಾಗ ಇಲ್ದಾಗ ಅದು ಬರವಣಿಗೆ ನಿಲ್ಲಿಸಿ ಕಾಯ್ತಾ ಕೂತಿರ್ಬಹುದು ಅಥವಾ ಬಿದ್ದೋಗಿರ್ಬಹುದು, ಎರರ್ ಲಾಗ್ ಓದಿ. ಬೈನರಿ ಲಾಗ್ ಜಾಗ ತಿಂದಿದ್ರೆ ಫೈಲ್ ಅಳಿಸ್ಬೇಡಿ, ಒಳಗಿಂದ ಪರ್ಜ್ ಬೈನರಿ ಲಾಗ್ಸ್ ಕಮಾಂಡೇ ಕೊಡಿ. ಡೇಟಾಬೇಸ್ ಎದ್ದಿಲ್ಲ ಅಂದ್ರೆ ಪೋಸ್ಟ್‌ಫಿಕ್ಸ್ ಲುಕಪ್ ಫೇಲ್ ಅಂತ 451 ಕೊಡ್ತಾ ಹೋಗತ್ತೆ, ಮೇಲ್ ಕಳೆಯಲ್ಲ ಆದ್ರೆ ಬರೋದೂ ಇಲ್ಲ.

ಆರ್‌ಸ್ಪ್ಯಾಮ್‌ಡಿ ಇದ್ರೆ ಅದರ ಹಿಂದೆ ರೆಡಿಸ್ ಅನ್ನೋ ಡೇಟಾಬೇಸ್ ಇರತ್ತೆ, ಡಿಸ್ಕಿಗೆ ಸ್ನ್ಯಾಪ್‌ಶಾಟ್ ಬರ್ಯೋಕಾಗದಿದ್ರೆ ಅದು ಮಿಸ್‌ಕಾನ್ಫ್ ಅಂತ ಎರರ್ ಕೊಟ್ಟು ಹೊಸದೇನೂ ತಗೊಳಲ್ಲ. ರೆಡಿಸ್-ಸಿಎಲ್‌ಐನಿಂದ ಬಿಜಿಸೇವ್ ಕೊಡಿ, ಅದು ಯಶಸ್ವಿ ಆದ್ರೆ ಸರಿ ಹೋಗತ್ತೆ. ಕ್ಲಾಮ್‌ಎವಿಯ ವೈರಸ್ ಡೇಟಾಬೇಸ್ ಅರ್ಧ ಡೌನ್‌ಲೋಡ್ ಆಗಿ ಹಾಳಾಗಿದ್ರೆ ಕ್ಲಾಮ್‌ಡಿ ಏಳೋದೇ ಇಲ್ಲ, /ವಾರ್/ಲಿಬ್/ಕ್ಲಾಮ್‌ಎವಿ ಒಳಗಿನ ಹಾಳಾದ ಫೈಲ್ ತೆಗೆದು ಫ್ರೆಶ್‌ಕ್ಲಾಮ್ ಓಡಿಸಿ.

ಲಾಗ್‌ರೊಟೇಟ್‌ನ ಸ್ಟೇಟಸ್ ಫೈಲ್ ತುಂಡಾಗಿದ್ರೆ ಅವತ್ತಿಂದ ಲಾಗ್ ತಿರುಗೋದೇ ನಿಂತೋಗತ್ತೆ, ಯಾರಿಗೂ ಗೊತ್ತಾಗಲ್ಲ, ಮತ್ತೆ ಡಿಸ್ಕ್ ತುಂಬತ್ತೆ. ಲಾಗ್‌ರೊಟೇಟ್ -ಡಿ ಓಡಿಸಿ ಎರರ್ ಇದೆಯಾ ನೋಡಿ, ಇದ್ರೆ ಆ ಸ್ಟೇಟಸ್ ಫೈಲನ್ನ ಬದಿಗಿಡಿ, ಮುಂದಿನ ಸಲ ಅದೇ ಹೊಸದು ಮಾಡ್ಕೊಳತ್ತೆ. ಆರ್‌ಸಿಸ್‌ಲಾಗ್ ರೀಸ್ಟಾರ್ಟ್ ಮಾಡಿ. ಸರ್ಟ್‌ಬಾಟ್ ಸರ್ಟಿಫಿಕೇಟ್ಸ್ ಹಾಕಿ ಡೇಟ್ ನೋಡಿ, ರಿನ್ಯೂ ಆಗ್ಬೇಕಿದ್ದ ರಾತ್ರಿನೇ ಡಿಸ್ಕ್ ತುಂಬಿದ್ದಿರ್ಬಹುದು.

ಯಾವುದಾದ್ರೂ ಸರ್ವಿಸ್ ಪದೇ ಪದೇ ಬಿದ್ದು ಸಿಸ್ಟಮ್‌ಡಿ ಇನ್ನು ಎಬ್ಬಿಸಲ್ಲ ಅಂತ ಕೈ ಬಿಟ್ಟಿದ್ರೆ ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್ ಕೊಟ್ಟು ಸ್ಟಾರ್ಟ್ ಮಾಡಿ.

ಹಂತ 9: ಡವ್‌ಕಾಟ್ ಮೊದ್ಲು, ಪೋಸ್ಟ್‌ಫಿಕ್ಸ್ ಆಮೇಲೆ

ಡವ್‌ಕಾನ್ಫ್ -ಎನ್ ಎರರ್ ಇಲ್ದೆ ಬರತ್ತಾ ನೋಡಿ, ಡವ್‌ಕಾಟ್ ಸ್ಟಾರ್ಟ್ ಮಾಡಿ, ಒಂದು ಟೆಸ್ಟ್ ಯೂಸರ್‌ನಲ್ಲಿ ಲಾಗಿನ್ ಆಗಿ. ಲಾಗ್‌ನಲ್ಲಿ ಇಂಡೆಕ್ಸ್ ಕರಪ್ಟ್ ಅಂತ ಯಾರ ಹೆಸರಲ್ಲಿ ಬರತ್ತೋ ಅವ್ರಿಗೆ ಮಾತ್ರ ಡವ್‌ಆಡ್ಮ್ ಫೋರ್ಸ್-ರೀಸಿಂಕ್ ಕೊಡಿ. ಕೋಟಾ ಲೆಕ್ಕ ತಪ್ಪಾಗಿ ಕಾಣ್ತಿದ್ರೆ ಡವ್‌ಆಡ್ಮ್ ಕೋಟಾ ರೀಕ್ಯಾಲ್ಕ್. ಡವ್‌ಕಾಟ್.ಇಂಡೆಕ್ಸ್.ಕ್ಯಾಶ್ ಹಾಳಾಗಿದ್ರೆ ಅಳಿಸ್ಬಹುದು, ಅದು ಮತ್ತೆ ಕಟ್ಕೊಳತ್ತೆ.

ಆಮೇಲೆ ಫೈಂಡ್ ಕಮಾಂಡ್‌ನಲ್ಲಿ ಮೇಲ್‌ಡಿರ್ ಒಳಗಿನ ಕರ್ ಮತ್ತೆ ನ್ಯೂ ಡೈರೆಕ್ಟರಿಗಳಲ್ಲಿ ಸೊನ್ನೆ ಸೈಜಿನ ಫೈಲ್ ಇದೆಯಾ ಹುಡುಕಿ. ಡವ್‌ಕಾಟ್ ಸಾಮಾನ್ಯವಾಗಿ ಫೈಲಿನ ಹೆಸರಲ್ಲೇ ಎಸ್= ಅಂತ ಮೇಲಿನ ಸೈಜ್ ಬರ್ದಿರತ್ತೆ, ಹೆಸರಲ್ಲಿ ಎಸ್=48210 ಇದ್ದು ಫೈಲ್ ಸೊನ್ನೆ ಬೈಟ್ ಅಂದ್ರೆ ಆ ಮೇಲಿನ ಹೂರಣ ಹೋಗಿದೆ, ಬ್ಯಾಕಪ್‌ನಿಂದ ಅದೊಂದೇ ಫೈಲ್ ತಂದು ಅದೇ ಹೆಸರಲ್ಲಿ ಇಡಿ. ಅದೇ ಮೇಲ್‌ಡಿರ್‌ನ ಟಿಎಂಪಿ ಡೈರೆಕ್ಟರಿಯಲ್ಲಿ 36 ಗಂಟೆಗಿಂತ ಹಳೇದು ಇರೋದು ಅರ್ಧಕ್ಕೆ ನಿಂತ ಡೆಲಿವರಿಗಳು, ಅವನ್ನ ತೆಗೀಬಹುದು.

ಈಗ ಪೋಸ್ಟ್‌ಫಿಕ್ಸ್. ಡಿಸ್ಕ್ ತುಂಬಿದ್ದಾಗ ಯಾರಾದ್ರೂ ಏಲಿಯಾಸ್ ಅಥವಾ ವರ್ಚುಯಲ್ ಮ್ಯಾಪ್ ಬದಲಾಯಿಸಿದ್ರೆ ಆ ಡಿಬಿ ಫೈಲ್ ಅರೆಬೆಂದಿರತ್ತೆ, ನ್ಯೂಏಲಿಯಾಸಸ್ ಮತ್ತೆ ಪೋಸ್ಟ್‌ಮ್ಯಾಪ್ ಇನ್ನೊಂದ್ಸಲ ಓಡಿಸಿ. ಪೋಸ್ಟ್‌ಫಿಕ್ಸ್ ಚೆಕ್ ಹಾಕಿ, ಅದು ಏನೂ ಹೇಳ್ದೆ ಸುಮ್ನಿದ್ರೆ ಸರಿ ಇದೆ ಅಂತ. ಕ್ಯೂನ ಬೇರೆ ಡಿಸ್ಕಿಗೆ ಕಾಪಿ ಮಾಡಿದ್ರೆ ಪೋಸ್ಟ್‌ಸೂಪರ್ -ಎಸ್ ಕಡ್ಡಾಯ, ಯಾಕಂದ್ರೆ ಕ್ಯೂ ಫೈಲಿನ ಹೆಸರಲ್ಲಿ ಐನೋಡ್ ನಂಬರ್ ಸೇರಿರತ್ತೆ, ಡಿಸ್ಕ್ ಬದಲಾದ್ರೆ ಆ ನಂಬರೂ ಬದಲಾಗಿರತ್ತೆ.

ಸ್ಟಾರ್ಟ್ ಮಾಡೋಕೆ ಮುಂಚೆ ಪೋಸ್ಟ್‌ಸೂಪರ್ -ಎಚ್ ಆಲ್ ಕೊಟ್ಟು ಇರೋದನ್ನೆಲ್ಲಾ ಹೋಲ್ಡ್‌ಗೆ ಹಾಕಿ, ಆಲ್ ಪೂರ್ತಿ ದೊಡ್ಡಕ್ಷರ. ಪೋಸ್ಟ್‌ಫಿಕ್ಸ್ ಸ್ಟಾರ್ಟ್ ಮಾಡಿ ಟೆಸ್ಟ್ ಮೇಲ್ ಒಂದು ಒಳಗಿಂದ ಹೊರಗೆ, ಒಂದು ಹೊರಗಿಂದ ಒಳಗೆ ಕಳ್ಸಿ, ಲಾಗ್‌ನಲ್ಲಿ ಸ್ಟೇಟಸ್=ಸೆಂಟ್ ಕಂಡ್ಮೇಲೆ ಹಳೇದನ್ನ ಬಿಡಿ, ಆಗ ಪೋಸ್ಟ್‌ಸೂಪರ್ -ಎಚ್ ಆಲ್‌ನಲ್ಲಿ ಎಚ್ ದೊಡ್ಡಕ್ಷರ. ಪೋಸ್ಟ್‌ಕ್ಯೂ -ಎಫ್ ಒಂದ್ಸಲ ಸಾಕು, ಪದೇ ಪದೇ ಒತ್ತಿದ್ರೆ ಬೇಗ ಹೋಗಲ್ಲ, ತಲುಪದ ಅಡ್ರೆಸ್‌ಗಳನ್ನೇ ಮತ್ತೆ ಮತ್ತೆ ತಟ್ಟಿ ಒಳ್ಳೇ ಮೇಲ್‌ಗೂ ತಡ ಆಗತ್ತೆ. ಹೊರಗಿನ ಸರ್ವರ್‌ಗಳ ಮೇಲ್ ಒಂದೇ ಸಲ ಬರಲ್ಲ, ಅವರವರ ರೀಟ್ರೈ ಸಮಯಕ್ಕೆ ತಕ್ಕ ಹಾಗೆ ಕೆಲವು ಗಂಟೆ ತನಕ ಹನಿ ಹನಿಯಾಗಿ ಬರ್ತಿರತ್ತೆ, ಅಷ್ಟೊತ್ತೂ ಡಿಎಫ್ ನೋಡ್ತಿರಿ.

ಎಲ್ಲಾ ಸರಿ ಅನ್ಸಿದ್ಮೇಲೆ ಸಾಫ್ಟ್ ಬೌನ್ಸ್ ನೋ ಮಾಡಿ ರೀಲೋಡ್ ಕೊಡಿ. ಡವ್‌ಕಾಟ್‌ನ ಟೆಂಪ್‌ಫೇಲ್ ಸೆಟ್ಟಿಂಗ್ ಹಾಗೇ ಉಳಿಸ್ಕೊಂಡ್ರೂ ತಪ್ಪಿಲ್ಲ, ನಾನಾದ್ರೆ ಉಳಿಸ್ಕೊಳ್ತೀನಿ.

ಹಂತ 10: ಯಾರ ಮೇಲ್ ವಾಪಸ್ ಹೋಯ್ತು, ಹುಡುಕಿ ಹೇಳಿ

ತುಂಬಾ ಜನ ಬಿಟ್ಟುಬಿಡೋ ಕೆಲಸ ಇದು. ಎತ್ತಿಟ್ಟ ಮೇಲ್.ಲಾಗ್‌ನಲ್ಲಿ ಆ ಸಮಯದ ಸ್ಟೇಟಸ್=ಬೌನ್ಸ್ಡ್ ಸಾಲುಗಳನ್ನ ಗ್ರೆಪ್ ಮಾಡಿ, 552 ಇರೋದನ್ನ ಬೇರೆ ಮಾಡಿ. ಅದೇ ಸಾಲಲ್ಲಿ ಯಾರಿಗೆ ಅಂತ ಇರತ್ತೆ, ಅದರ ಕ್ಯೂ ಐಡಿ ಹಿಡಿದು ಹುಡುಕಿದ್ರೆ ಯಾರಿಂದ ಅಂತ ಸಿಗತ್ತೆ. ಪಟ್ಟಿ ಮಾಡಿ ಆಯಾ ಜನಕ್ಕೆ ಕೊಡಿ, "ನಿಮಗೆ ಈ ಅಡ್ರೆಸ್‌ನಿಂದ ಇಷ್ಟು ಗಂಟೆಗೆ ಬಂದ ಮೇಲ್ ವಾಪಸ್ ಹೋಗಿದೆ, ಮತ್ತೆ ಕಳ್ಸೋಕೆ ಹೇಳಿ" ಅಂತ. ಟೆಂಡರ್, ಪೇಮೆಂಟ್, ಇಂಟರ್‌ವ್ಯೂ ಇಂಥವಕ್ಕೆ ಕಾಯ್ತಿರೋರಿಗೆ ಈ ಒಂದು ಪಟ್ಟಿ ದೊಡ್ಡ ಉಪಕಾರ. ಲಾಗ್ ಬರ್ಯೋಕೇ ಜಾಗ ಇಲ್ದೆ ಖಾಲಿ ಇರೋ ಸಮಯ ಇದ್ರೆ ಅದನ್ನೂ ಮುಚ್ಚಿಡ್ದೆ ಹೇಳಿ, ಇಷ್ಟರಿಂದ ಇಷ್ಟು ಗಂಟೆವರೆಗೆ ನಮ್ಮ ಹತ್ರ ದಾಖಲೆ ಇಲ್ಲ ಅಂತ.

ಹಂತ 11: ಮತ್ತೆ ತುಂಬದ ಹಾಗೆ

80 ಪರ್ಸೆಂಟಿಗೆ ಒಂದು ಅಲರ್ಟ್, 90ಕ್ಕೆ ಇನ್ನೊಂದು, ಐನೋಡ್‌ಗೂ ಸೇರಿಸಿ. ಆ ಅಲರ್ಟ್ ಇದೇ ಮೇಲ್ ಸರ್ವರ್ ಮೂಲಕ ಬರೋ ಹಾಗೆ ಇಟ್ರೆ ಪ್ರಯೋಜನ ಇಲ್ಲ, ಬೇಕಾದ ದಿನವೇ ಅದು ಬರಲ್ಲ, ಎಸ್‌ಎಂಎಸ್ ಅಥವಾ ಟೆಲಿಗ್ರಾಮ್‌ಗೆ ಹಾಕಿ. ಕ್ಯೂ, ಲಾಗ್, ಮೇಲ್‌ಬಾಕ್ಸ್ ಮೂರಕ್ಕೂ ಬೇರೆ ಬೇರೆ ವಾಲ್ಯೂಮ್ ಮಾಡಿ, ಆಗ ಒಂದು ತುಂಬಿದ್ರೆ ಇನ್ನೊಂದನ್ನ ಎಳ್ಕೊಂಡು ಬೀಳಲ್ಲ. ಯೂಸರ್‌ಗಳಿಗೆ ಕೋಟಾ ಇಡಿ, ಟ್ರ್ಯಾಶ್ ಜಂಕ್‌ಗೆ ಡವ್‌ಕಾಟ್‌ನ ಆಟೋಎಕ್ಸ್‌ಪಂಜ್ 30 ದಿನಕ್ಕೆ ಇಡಿ, ಇಡೋಕೆ ಮುಂಚೆ ಎಲ್ಲರಿಗೂ ತಿಳ್ಸಿ. ಲಾಗ್‌ರೊಟೇಟ್‌ನಲ್ಲಿ ಮ್ಯಾಕ್ಸ್‌ಸೈಜ್ ಕೊಟ್ಟು ಗಂಟೆಗೊಮ್ಮೆ ಓಡೋ ಹಾಗೆ ಮಾಡಿದ್ರೆ ಒಂದೇ ದಿನದಲ್ಲಿ ಉಬ್ಬೋ ಲಾಗ್‌ಗೂ ಕಡಿವಾಣ.

ಎಫ್‌ಅಲೊಕೇಟ್ -ಎಲ್ 2ಜಿ ಕೊಟ್ಟು ಸುಮ್ನೆ ಒಂದು 2 ಜಿಬಿ ಫೈಲ್ ಮಾಡಿಟ್ಕೊಳ್ಳಿ, ಅದರ ಹೆಸರಲ್ಲೇ "ತುಂಬಿದಾಗ ಅಳಿಸಿ" ಅಂತ ಅರ್ಥ ಆಗೋ ಹಾಗಿರ್ಲಿ. ನೀವು ರಜೆಯಲ್ಲಿದ್ದಾಗ ಫೋನಲ್ಲಿ ಯಾರಿಗಾದ್ರೂ ಹೇಳಿ ಆ ಒಂದು ಫೈಲ್ ಅಳಿಸ್ಸಿದ್ರೆ ಸಾಕು, ಉಳಿದಿದ್ದು ಬಂದು ನೋಡ್ಕೊಳ್ಳೋಕೆ ಸಮಯ ಸಿಗತ್ತೆ.

ನಿಮ್ಮಲ್ಲಿರೋದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಆದ್ರೆ ಕಮಾಂಡುಗಳು ಬೇರೆ, ಕ್ರಮ ಇದೇ. ಅಲ್ಲಿ ಜಾಗ ಕಮ್ಮಿ ಆದಾಗ ಬ್ಯಾಕ್ ಪ್ರೆಷರ್ ಅನ್ನೋ ವ್ಯವಸ್ಥೆ ಮೇಲ್ ತಗೊಳ್ಳೋದು ನಿಲ್ಲಿಸಿ 452 4.3.1 ಕೊಡತ್ತೆ, ಇವೆಂಟ್ ಲಾಗ್‌ನಲ್ಲಿ 15006 ಕಾಣತ್ತೆ. ಟ್ರಾನ್ಸಾಕ್ಷನ್ ಲಾಗ್ ಫೈಲ್‌ಗಳು ಸಾವಿರಾರು ಕಂಡ್ರೂ ಕೈಯಿಂದ ಡಿಲೀಟ್ ಮಾಡ್ಬೇಡಿ, ಎಕ್ಸ್‌ಚೇಂಜ್ ಅರ್ಥ ಮಾಡ್ಕೊಳ್ಳೋ ಫುಲ್ ಬ್ಯಾಕಪ್ ಒಂದು ಯಶಸ್ವಿಯಾಗಿ ಮುಗಿದ್ರೆ ಅದೇ ಕತ್ತರಿಸ್ಕೊಳತ್ತೆ, ಲಾಗ್‌ಗಳು ರಾಶಿ ಬಿದ್ದಿವೆ ಅಂದ್ರೆ ಮೊದ್ಲು ನೋಡ್ಬೇಕಾಗಿರೋದು ನಿಮ್ಮ ಬ್ಯಾಕಪ್ ಎಷ್ಟು ದಿನದಿಂದ ಓಡಿಲ್ಲ ಅಂತ.